ಮುಳುಗಿದವಳ ಪಾರ್ಟು

ನಮ್ಮೂರಲ್ಲಿ ನಾಟಕದ ಪಾರ್ಟು ಒಪ್ಪಿಕೊಳ್ಳುವ ಮೊದಲು ಮನೆಮಂದಿಯೆಲ್ಲ ಕೂತು ಯೋಚನೆ ಮಾಡುತ್ತಾರೆ. ಒಮ್ಮೆ ಹಾಕಿದ ಪಾರ್ಟು, ಅದೇ ನಾಟಕವನ್ನು ಮತ್ತೆ ಆಡಿ ಬೇರೊಬ್ಬರು ಅದನ್ನು ತೆಗೆದುಕೊಳ್ಳುವವರೆಗೆ, ಹಾಕಿದವರ ಮೈಮೇಲೇ ಇರುತ್ತದೆ. ಅಂಚೆ ಹಂಚುತ್ತಿದ್ದ ಬಸವಲಿಂಗಪ್ಪನವರು ಹರೆಯದಲ್ಲಿ ದೊರೆಯ ಪಾರ್ಟು ಹಾಕಿದರು. ಇವತ್ತಿಗೂ ನಮ್ಮ ದೊರೆ ಅವರೇ. ಯಾರ ಮನೆಯ ಮದುವೆಯಾದರೂ ಮೊದಲ ಎಲೆ ಅವರಿಗೆ, ಯಾರ ಮನೆಯ ಜಗಳವಾದರೂ ಕೊನೆಯ ಮಾತು ಅವರದು. ಆ ನಾಟಕ ಮತ್ತೆ ಆಡೋಣ ಎಂದವರಿಗೆಲ್ಲ ಅವರು ಪರದೆ ಹರಿದಿದೆ, ಹಾರ್ಮೋನಿಯಂ ಕೆಟ್ಟಿದೆ ಎಂದು ಏನಾದರೊಂದು ನೆಪ ಹೇಳುತ್ತ ಬಂದಿದ್ದಾರೆ. ಶಾಲೆಯಲ್ಲಿ ಕಳ್ಳನ ಪಾರ್ಟು ಸಿಕ್ಕ ಮಕ್ಕಳು ಅಂಗಡಿಯ ಹೊರಗೆ ನಿಂತೇ ಸಾಮಾನು ಕೇಳಬೇಕು. ಪಾಪ, ಆ ಮಕ್ಕಳ ಸಲುವಾಗಿ ಮೇಷ್ಟ್ರು ವರ್ಷ ತಪ್ಪಿಸದೆ ಅದೇ ನಾಟಕ ಆಡಿಸುತ್ತಾರೆ. ಇದೆಲ್ಲ ನಮಗೆ ಅಭ್ಯಾಸವಾಗಿಬಿಟ್ಟಿದೆ. ನನ್ನ ಅಮ್ಮನ ಪಾರ್ಟೊಂದು ಮಾತ್ರ ನನಗೆ ಅಭ್ಯಾಸವಾಗಲೇ ಇಲ್ಲ.

ಅಮ್ಮನ ಹೆಸರು ನೀಲಾಂಬಿಕೆ. ನಾನಿನ್ನೂ ಶಾಲೆಗೆ ಸೇರದಿದ್ದಾಗ ಅವಳು ಊರಿನ ರೇಡಿಯೋ ಕೇಂದ್ರದಲ್ಲಿ ನಾಟಕ ಓದುತ್ತಿದ್ದಳು. ಅವಳು ರೇಡಿಯೋದಲ್ಲಿ ಅತ್ತರೆ ಊರ ಹೆಂಗಸರು ಒಲೆಯ ಮೇಲಿನ ಹಾಲು ಮರೆಯುತ್ತಿದ್ದರಂತೆ. ಕೇಂದ್ರದ ಮೇಲಧಿಕಾರಿಗೆ ಹೊಸದೇನಾದರೂ ಮಾಡುವ ಹುಚ್ಚು. ಒಂದು ನಾಟಕ ಬರೆದು, ಅದು ನಾಟಕವೆಂದು ಹೇಳದೆ, ಸಂಜೆಯ ಹಾಡುಗಳ ನಡುವೆ ಸುದ್ದಿಯಂತೆ ಬಿಟ್ಟ. ಹಾಡು ನಿಂತಿತು. ಕೆರೆ ಏರಿ ಬಿರುಕು ಬಿಟ್ಟಿದೆ ಎಂದರು. ಇನ್ನೊಂದು ಹಾಡು ಬಂತು, ಅದೂ ನಡುವೆ ನಿಂತಿತು. ಇಂಜಿನಿಯರ್ ಒಬ್ಬರು ಮಾತಾಡಿ ಏರಿ ಉಳಿಯುವುದು ಕಷ್ಟ ಎಂದರು. ಕೊನೆಗೆ ಕೆರೆಯ ಕೆಳಗಿನ ಮನೆಯಿಂದ ಹೆಂಗಸೊಬ್ಬಳು ಫೋನು ಮಾಡಿ, ನೀರು ಹೊಸ್ತಿಲು ದಾಟಿತೆಂದು, ಸೊಂಟಕ್ಕೆ ಬಂತೆಂದು, ಕತ್ತಿಗೆ ಬಂತೆಂದು ಕೂಗುತ್ತ ಕೂಗುತ್ತ ಮುಳುಗಿಹೋದಳು. ಆ ಹೆಂಗಸಿನ ಪಾರ್ಟು ಅಮ್ಮನದು.

ಊರಿಗೆ ಊರೇ ಗುಡ್ಡ ಹತ್ತಿತು. ಹಾಲು ಕರೆಯುತ್ತಿದ್ದವರು ಚೊಂಬು ಹಿಡಿದೇ ಓಡಿದರು. ಒಬ್ಬಾಕೆ ಮಗುವೆಂದು ದಿಂಬು ಎತ್ತಿಕೊಂಡು ಓಡಿ, ಅರ್ಧ ಗುಡ್ಡದಿಂದ ಮತ್ತೆ ಕೆಳಗೆ ಓಡಿದಳು. ಬೆಳಗಾದ ಮೇಲೆ ಇಣುಕಿ ನೋಡಿದರೆ ಕೆರೆ ಇದ್ದಲ್ಲೇ ಇತ್ತು, ಏರಿಯ ಮೇಲೆ ಕತ್ತೆಗಳು ಮೇಯುತ್ತಿದ್ದವು. ಜನ ಒಬ್ಬರ ಮುಖ ಒಬ್ಬರು ನೋಡದೆ ಇಳಿದು ಬಂದರು. ಮೇಲಧಿಕಾರಿ ಅಷ್ಟರಲ್ಲಿ ಊರು ಬಿಟ್ಟಿದ್ದ. ಕೇಂದ್ರಕ್ಕೆ ಬೀಗ ಬಿತ್ತು. ಆ ನಾಟಕದ ಹೆಸರೆತ್ತಿದರೂ ಜನಕ್ಕೆ ಮೈ ಉರಿಯುತ್ತಿತ್ತು, ಇನ್ನು ಅದನ್ನು ಮತ್ತೆ ಆಡುವವರು ಯಾರು? ಹೀಗಾಗಿ ಆವತ್ತು ಪಾರ್ಟು ಹಾಕಿದವರು ಅಲ್ಲಲ್ಲೇ ಸಿಕ್ಕಿಕೊಂಡರು. ಇಂಜಿನಿಯರ್ ಆಗಿ ಮಾತಾಡಿದ್ದು ಸೈಕಲ್ ಶಾಪಿನ ರುದ್ರಮುನಿ. ಅಂದಿನಿಂದ ಊರಲ್ಲಿ ಯಾರೇ ಮನೆ ಕಟ್ಟಲಿ, ಅವನೇ ಬಂದು ಅಳತೆ ಹೇಳಬೇಕು. ನಮ್ಮೂರಲ್ಲಿ ಒಂದು ಬಾಗಿಲೂ ನೆಟ್ಟಗೆ ಮುಚ್ಚುವುದಿಲ್ಲ.

ಅಮ್ಮ ಸತ್ತವಳಾದಳು. ಊರವರು ಸಿಟ್ಟಿನಿಂದ ಹೀಗೆ ಮಾಡಿದರೆಂದು ತಿಳಿಯಬೇಡಿ, ಒಳ್ಳೆಯ ಮನಸ್ಸಿನಿಂದಲೇ ಮಾಡಿದರು. ಪಕ್ಕದ ಮನೆಯ ಪುಟ್ಟತಾಯಮ್ಮ ಅಮ್ಮನ ಜೊತೆ ಕುಂಟೆಬಿಲ್ಲೆ ಆಡಿ ಬೆಳೆದವಳು. ಅವಳು ನಮ್ಮ ಜಗಲಿಯ ಮೇಲೆ ಕೂತು, "ಹೋಗ್ಬಿಟ್ಯಲ್ಲೇ ನನ್ನವ್ವಾ" ಎಂದು ಎದೆ ಬಡಿದುಕೊಂಡು ಅಳುತ್ತಿದ್ದಳು. ಪಕ್ಕದಲ್ಲೇ ಅಮ್ಮ ಮೊರ ಇಟ್ಟುಕೊಂಡು ಅಕ್ಕಿಯ ಕಲ್ಲು ಆರಿಸುತ್ತಿದ್ದಳು. "ಇಲ್ಲೇ ಇದೀನಲ್ಲೇ" ಎಂದು ಅಮ್ಮ ಅಂದರೆ ಪುಟ್ಟತಾಯಮ್ಮನ ಅಳು ಇನ್ನೂ ಜೋರಾಗುತ್ತಿತ್ತು. ಆಮೇಲೆ ಪ್ರತಿ ಮಹಾಲಯ ಅಮಾವಾಸ್ಯೆಗೂ ಅವಳು ನಮ್ಮ ಬಾಗಿಲಲ್ಲಿ ಅಮ್ಮನಿಗೆ ಎಡೆ ಇಟ್ಟು ಹೋಗುತ್ತಿದ್ದಳು. ವಡೆ, ಪಾಯಸ, ಎರಡು ಥರದ ಪಲ್ಯ. ವರ್ಷದಲ್ಲಿ ನಾವು ಚೆನ್ನಾಗಿ ಉಣ್ಣುತ್ತಿದ್ದ ದಿನ ಅದೊಂದೇ. ಅಮ್ಮ ವಡೆ ಮುರಿದು ಬಾಯಿಗಿಟ್ಟುಕೊಂಡು, "ಪುಟ್ಟತಾಯಿ ಕೈಯಲ್ಲಿ ಉಪ್ಪು ಯಾವಾಗ್ಲೂ ಕಮ್ಮಿ" ಎನ್ನುತ್ತಿದ್ದಳು. ಆಗ ನನಗೆ ನಗು ಬರುತ್ತಿತ್ತು.

ಅಪ್ಪ ತೀರಿಕೊಂಡ ದಿನ ನಗು ನಿಂತಿತು. ಅಲ್ಲಿಯವರೆಗೆ ಅಪ್ಪ, ಎರಡನೇ ಮದುವೆಗೆ ಹೆಣ್ಣು ತೋರಿಸಿದವರಿಗೆಲ್ಲ "ಇರೋಳೇ ಸಾಕು" ಎಂದು ಹೇಳಿ ಕಳಿಸುತ್ತಿದ್ದ. ಅವನನ್ನು ಅಂಗಳದಲ್ಲಿ ಮಲಗಿಸಿದಾಗ ಅಮ್ಮ ಕಾಲ ಬಳಿ ಕೂತು ಅತ್ತಳು. ಊರ ಹೆಂಗಸರೆಲ್ಲ ಬಂದಿದ್ದರು. ಒಬ್ಬರೂ ಅವಳ ಭುಜ ಹಿಡಿಯಲಿಲ್ಲ, ಒಬ್ಬರೂ ಒಂದು ಲೋಟ ನೀರು ಕೊಡಲಿಲ್ಲ. "ಪಾಪ, ಈಗಲಾದ್ರೂ ಗಂಡ ಹೆಂಡ್ತಿ ಒಟ್ಟಿಗೆ ಸೇರ್ಕೊಂಡ್ರು" ಎಂದು ಅವಳೆದುರೇ ಮಾತಾಡಿಕೊಂಡರು. ಅಮ್ಮ ಅಳು ನಿಲ್ಲಿಸಿ ಎದ್ದು ಒಳಗೆ ಹೋದಳು. ಅವತ್ತಿನಿಂದ ಈ ಊರಿನ ಮೇಲೆ ನನಗೆ ಬಂದ ಕೋಪ ಇನ್ನೂ ಇಳಿದಿಲ್ಲ. ಊರು ಬಿಟ್ಟು ಹೋಗೋಣ ಎಂದು ಎಷ್ಟೋ ಸಲ ಹೇಳಿದೆ. "ಊರೆಲ್ಲಾ ಗುಡ್ಡ ಹತ್ತಿದಾಗ್ಲೇ ನಾನು ಓಡ್ಲಿಲ್ಲ. ಈಗ ಓಡ್ತೀನಾ?" ಎನ್ನುವುದು ಅವಳ ಉತ್ತರ. ಹಟ ನಮ್ಮ ಮನೆಯ ಆಸ್ತಿ. ನಾನು ಅಪ್ಪನ ಹಿಟ್ಟಿನ ಗಿರಣಿ ನೋಡಿಕೊಂಡು ಇಲ್ಲೇ ಉಳಿದೆ. ತಾಯಿಯಿಲ್ಲದ ಹುಡುಗಿ ಎಂದು ಮರುಗಿ ನನಗೆ ವರ ಹುಡುಕಿದವರೂ ಇದ್ದರು. ತಾಯಿ ಇದ್ದಾಳೆ ಎಂದು ಒಪ್ಪಿಕೊಳ್ಳುವ ಮನೆಗೆ ಮಾತ್ರ ಹೋಗುತ್ತೇನೆ ಎಂದೆ. ಅಂಥ ಮನೆ ಸಿಗಲಿಲ್ಲ, ನಾನೂ ಹುಡುಕಲಿಲ್ಲ.

ನಡುವೆ ಒಮ್ಮೆ ನಮ್ಮ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ದೂರದ ಪಟ್ಟಣದ ಟೀವಿಯವರು ಆ ರೇಡಿಯೋ ಸಂಜೆಯ ಮೇಲೆ ಒಂದು ಟೆಲಿಫಿಲ್ಮ್ ಮಾಡಿದರು. ಅದು ಬರುವ ದಿನ ಊರೆಲ್ಲ ದೊರೆಯ ಮನೆಯ ಟೀವಿಯ ಮುಂದೆ ಸೇರಿತ್ತು. ಅಮ್ಮ ಕಿಟಕಿಯ ಹೊರಗೆ ನಿಂತಿದ್ದಳು. ಮುಳುಗುವವಳ ಪಾರ್ಟಿನ ನಟಿ ಮೈಕಿನ ಮುಂದೆ ಬಂದಾಗ ನಾನು ಎರಡೂ ಕೈ ಮುಗಿದುಬಿಟ್ಟೆ. ಆ ನಟಿ ಬಾಯಿ ತೆರೆದಳು. ಹೊರಟದ್ದು ನನ್ನ ಅಮ್ಮನ ದನಿ! ಅಸಲಿಯಾಗಿರಲಿ ಎಂದು ಅವರು ಹಳೆಯ ಟೇಪನ್ನೇ ಹಾಕಿದ್ದರು. ಎಲ್ಲರೂ ದೊರೆಯ ಕಡೆ ತಿರುಗಿದರು. ಅವರು ಮೀಸೆ ತಿರುವಿ, "ಬಾಯಿ ಯಾರದ್ದಾದ್ರೇನು, ದನಿ ಯಾರದೋ ಪಾರ್ಟು ಅವ್ರದ್ದೇ" ಎಂದು ತೀರ್ಪು ಕೊಟ್ಟರು. ಆ ಫಿಲ್ಮಿಗೆ ದೊಡ್ಡ ಬಹುಮಾನವೂ ಬಂತು ಎಂದು ಕೇಳಿದೆ. ಯಾರಿಗೆ ಬೇಕು ಅದು.

ಈ ವರ್ಷ ಅಮ್ಮನಿಗೆ ಉಬ್ಬಸ ಜಾಸ್ತಿಯಾಯಿತು. ಮೆಟ್ಟಿಲು ಹತ್ತಿದರೆ ಕೂತು ಸುಧಾರಿಸಿಕೊಳ್ಳಬೇಕು. ಒಂದು ಮಧ್ಯಾಹ್ನ ಗಿರಣಿಯಲ್ಲಿ ರಾಗಿ ಮೂಟೆಯ ಮೇಲೆ ಕೂತು ಅವಳು ಹೇಳಿದಳು, "ಸಾಯೋಕೆ ಮುಂಚೆ ಒಂದ್ಸಲ ಬದುಕ್ಬೇಕು ಅನ್ನಿಸ್ತಿದೆ ಕಣೇ ಮಂದಾ. ಯಾರಾದ್ರೂ ಒಬ್ರು ನನ್ನ ಹೆಸರು ಹಿಡಿದು ಕರೀಬೇಕು. ಅಷ್ಟು ಆದ್ರೆ ಸಾಕು." ಅವಳು ಇಷ್ಟು ಬಾಯಿಬಿಟ್ಟು ಏನನ್ನೂ ಕೇಳಿದ್ದಿಲ್ಲ. ಏನಾದರಾಗಲಿ, ಈ ಪಾರ್ಟನ್ನು ಅವಳ ಮೈಯಿಂದ ಇಳಿಸಿಯೇ ತೀರುತ್ತೇನೆ ಎಂದು ನಾನು ಅಲ್ಲೇ ನಿಶ್ಚಯ ಮಾಡಿದೆ.

ಹೊಸ ಟೆಲಿಫಿಲ್ಮಿನವರು ಊರಿಗೇ ಬಂದದ್ದು ಆ ನಿಶ್ಚಯದ ಪುಣ್ಯವೋ ಏನೋ. ನಿರ್ದೇಶಕ ಶ್ರೀವತ್ಸ ಎಂಬ ಉದ್ದಕೂದಲಿನ ಹುಡುಗ. ಹಿಂದಿನ ಫಿಲ್ಮು ಎಲ್ಲಾ ನಕಲಿ, ತನ್ನದು ಹಳೆಯ ಕೇಂದ್ರದಲ್ಲೇ, ಅದೇ ಮೈಕಿನ ಮುಂದೆ ಆಗಬೇಕು ಎಂದ. ಬೀದಿಬೀದಿಗೂ ಧ್ವನಿವರ್ಧಕ ಕಟ್ಟಿಸುತ್ತೇನೆ, ಅದನ್ನು ಕೇಳಿ ಊರವರೇ ಗುಡ್ಡಕ್ಕೆ ಓಡಬೇಕು ಎಂದ. ನಾನು ಅವನ ಬೆನ್ನು ಹತ್ತಿದೆ. ಬೀಗ ಒಡೆಸಿಕೊಟ್ಟೆ, ಬಾವಲಿ ಓಡಿಸಿದೆ, ಅವನ ಜನಕ್ಕೆಲ್ಲ ಊಟ ಹಾಕಿದೆ. ಎಲ್ಲದಕ್ಕೂ ಒಂದೇ ಷರತ್ತು, ಮುಳುಗುವವಳ ಮಾತನ್ನು ನಟಿ ತನ್ನ ಸ್ವಂತ ದನಿಯಲ್ಲೇ ಹೇಳಬೇಕು. "ಅದಕ್ಕೇ ಅಲ್ವಾ ಮೇಡಂ ಅನಘಾನ ಕರ್ಕೊಂಡ್ ಬಂದಿರೋದು" ಎಂದು ಅವನು ನಕ್ಕ.

ಅನಘಾ ಒಳ್ಳೆಯ ಹುಡುಗಿ. ಬಂದ ದಿನವೇ ಅಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. ಮರುದಿನ ಹೋಟೆಲಿನಲ್ಲಿ ಕಾಫಿ ಕೇಳಿದಾಗ ಹೋಟೆಲಿನವನು ಲೋಟ ತುಂಬಿಸಿ, ಕಣ್ಣಲ್ಲಿ ನೀರು ತಂದುಕೊಂಡು, "ಕುಡೀರಮ್ಮ, ಹೊಟ್ಟೆ ತುಂಬಾ ಕುಡೀರಿ. ನಾಳೆಯಿಂದ ಕೊಡೋಕಾಗಲ್ಲ" ಅಂದನಂತೆ. ಅವಳು ಉಳಿದುಕೊಂಡಿದ್ದ ಕೋಣೆ ಪುಟ್ಟತಾಯಮ್ಮನ ಮನೆಯದು. ರಾತ್ರಿ ಊಟ ಬಡಿಸುತ್ತ ಪುಟ್ಟತಾಯಮ್ಮ ಅಕ್ಕರೆಯಿಂದ, "ಮಗಾ, ನಿನ್ನ ಎಡೆಗೆ ಏನ್ ಮಾಡಿಡ್ಲಿ? ಕಜ್ಜಾಯ ಇಷ್ಟಾನಾ, ಹೋಳಿಗೆನಾ?" ಎಂದು ಕೇಳಿದಳು. ಬೆಳಗಿನ ಮೊದಲ ಬಸ್ಸಿಗೆ ಅನಘಾ ಹೊರಟುಹೋದಳು. ಅವಳನ್ನು ನಾನು ಬೈಯಲಾರೆ.

ಶ್ರೀವತ್ಸ ತಲೆಯ ಮೇಲೆ ಕೈಹೊತ್ತು ಕೂತ. ಊರ ಹೆಂಗಸರು ಯಾರೂ ಆ ಪಾರ್ಟಿನ ಹತ್ತಿರ ಸುಳಿಯುವುದಿಲ್ಲ. ನಾನು ಹೋಗಿ, "ನಾನು ಹೇಳ್ತೀನಿ. ಪೂರ್ತಿ ಬಾಯಿಪಾಠ ಇದೆ" ಎಂದೆ. ಸುಳ್ಳಲ್ಲ. ಚಿಕ್ಕಂದಿನಲ್ಲಿ ಗಿರಣಿಯ ಸದ್ದಿನ ನಡುವೆ ಯಾರಿಗೂ ಕೇಳದಂತೆ ಆ ಮಾತುಗಳನ್ನು ಹೇಳಿಕೊಂಡೇ ಬೆಳೆದವಳು ನಾನು. ಅವನು ಒಪ್ಪಿದ. ಅಮ್ಮನಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಮುದ್ದೆಕೋಲನ್ನು ನೆಲಕ್ಕೆ ಕುಕ್ಕಿದಳು.

"ತಲೆ ಕೆಟ್ಟಿದ್ಯಾ ನಿಂಗೆ? ಗಿರಣಿಗೆ ಯಾರು ಬರ್ತಾರೆ? ನಿನ್ನ ಜೊತೆ ಯಾರು ಮಾತಾಡ್ತಾರೆ?"

"ನೀನು ಮಾತಾಡ್ತೀಯಲ್ಲ. ಗಿರಣಿ ನೀನು ನೋಡ್ಕೋ. ಹಿಟ್ಟು ಬೀಸೋದು ನಾನು, ಮಾತಾಡೋದು ನೀನು."

"ನಾನು ಇನ್ನೆಷ್ಟು ದಿನ ಇರ್ತೀನೇ? ಆಮೇಲೆ?"

ಆಮೇಲಿನದರ ಬಗ್ಗೆ ನನಗೂ ಭಯ ಇತ್ತು. ಸತ್ತವಳಾಗಿ ಬದುಕುವುದೆಂದರೇನೆಂದು ನನಗಿಂತ ಚೆನ್ನಾಗಿ ಬಲ್ಲವರು ಅಮ್ಮನೊಬ್ಬಳೇ. ಆದರೂ ಹೇಳಿದೆ, "ನಿಶ್ಚಯ ಮಾಡಿ ಆಗಿದೆ. ನಾಳೆ ಸಂಜೆ ನೀನು ಬದುಕ್ತೀಯಾ. ಹೊಸ ಸೀರೆ ಉಟ್ಕೊಂಡು ಬಾ." ಅಮ್ಮ ತಿರುಗಿ ಮಾತಾಡಲಿಲ್ಲ. ಅವಳು ಮಾತು ನಿಲ್ಲಿಸಿದರೆ ಒಪ್ಪಿದಳೆಂದು ಅರ್ಥವಲ್ಲ. ಆ ಗಡಿಬಿಡಿಯಲ್ಲಿ ನನಗದು ಹೊಳೆಯಲಿಲ್ಲ.

ಊರವರದ್ದು ಬೇರೆಯೇ ನಿಶ್ಚಯ. ಒಮ್ಮೆ ಓಡಿ ಮಾನ ಕಳೆದುಕೊಂಡದ್ದು ಸಾಕು, ಈ ಸಲ ಯಾರೂ ಜಗಲಿ ಬಿಟ್ಟು ಕದಲಕೂಡದು ಎಂದು ದೊರೆ ಅಪ್ಪಣೆ ಮಾಡಿದ್ದರು. "ಕೆರೆ ನಿಜವಾಗ್ಲೂ ಒಡೆದ್ರೂ ಕೂತಿರ್ಬೇಕು" ಎಂದು ಡಂಗುರ ಸಾರಿಸಿದ್ದರಂತೆ. ಶ್ರೀವತ್ಸ ಕಾಲಿಗೆ ಬಿದ್ದರೂ ಅವರು ಜಗ್ಗಲಿಲ್ಲ. ದನಿ ಕೇಳಿದ ಮೇಲೆ ಹೇಗೂ ಓಡುತ್ತಾರೆ ಎಂಬ ಹುಚ್ಚು ನಂಬಿಕೆಯಿಂದ ಅವನು ತನ್ನ ದೊಡ್ಡ ಕ್ಯಾಮೆರಾಗಳನ್ನೆಲ್ಲ ಗುಡ್ಡದ ದಾರಿಗೆ ಇಡಿಸಿದ. ಒಂದು ಸಣ್ಣ ಕ್ಯಾಮೆರಾ ಮಾತ್ರ ನಮ್ಮ ಜೊತೆ ಕೇಂದ್ರದೊಳಗೆ ಉಳಿಯಿತು.

ಸಂಜೆಯ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಬೀದಿಯಲ್ಲಿ ಜನ ಕೈಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಜಗಲಿಗಳ ಮೇಲೆ ಕೂತಿದ್ದರು. ಪುಟ್ಟತಾಯಮ್ಮ ಕಂಬವನ್ನೇ ತಬ್ಬಿಕೊಂಡು ಕೂತಿದ್ದಳು. ಒಳಗೆ ಹಾಡು ಹಾಕಿದರು, ನಿಲ್ಲಿಸಿದರು. ಸುದ್ದಿಯವನ ಪಾರ್ಟನ್ನು ಪಟ್ಟಣದ ನಟನೊಬ್ಬ ಓದಿದ. ಇಂಜಿನಿಯರ್ ಪಾರ್ಟು ಬೇರೆಯವರಿಗೆ ಬಿಡಲು ಒಪ್ಪದ ರುದ್ರಮುನಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು, ಏರಿ ಉಳಿಯುವುದು ಕಷ್ಟವೆಂದು ಗಂಭೀರವಾಗಿ ಹೇಳಿದ. ಆಮೇಲೆ ಶ್ರೀವತ್ಸ ನನ್ನ ಕಡೆ ಬೆರಳು ತೋರಿಸಿದ. ಹೆಜ್ಜೆ ಮುಂದಿಟ್ಟು ಬಾಯಿ ತೆರೆದೆ. ಮೂಲೆಯ ಬೆಂಚಿನಿಂದ ಅಮ್ಮ ಎದ್ದು ಬಂದು ನನ್ನ ರಟ್ಟೆ ಹಿಡಿದು ಎಳೆದಳು. ಉಬ್ಬಸದ ಮುದುಕಿಗೆ ಅಷ್ಟು ಬಲ ಎಲ್ಲಿತ್ತೋ! ನಾನು ಗೋಡೆಗೆ ಹೋಗಿ ತಾಗಿದೆ. ಅಷ್ಟರಲ್ಲಿ ಅವಳು ಮೈಕು ಹಿಡಿದಾಗಿತ್ತು.

"ಅಣ್ಣಾ, ನೀರು ಹೊಸ್ತಿಲು ದಾಟ್ತು ಅಣ್ಣಾ" ಎಂದಳು. ಅದೇ ದನಿ. ಸ್ವಲ್ಪ ಒಡೆದಿತ್ತು, ಆದರೆ ಅದೇ. ಅವಳನ್ನು ತಡೆಯಬೇಕೆಂದು ಅನ್ನಿಸಿತು, ತಡೆಯಲು ಆಗಲಿಲ್ಲ. ಇಷ್ಟು ವರ್ಷ ಕಾದು, ಕೊನೆಗೆ ಅದೇ ಪಾರ್ಟನ್ನು ಮತ್ತೆ ಮೈಮೇಲೆ ಹಾಕಿಕೊಂಡಳಲ್ಲ ಎಂದುಕೊಂಡೆ. ನೀರು ಸೊಂಟಕ್ಕೆ ಬಂತು. ಕತ್ತಿಗೆ ಬಂತು. ನೀರಿನ ಸದ್ದು ಬರಿಸಲೆಂದು ಹುಡುಗನೊಬ್ಬ ಹಂಡೆಯಲ್ಲಿ ಕೈಯಾಡಿಸುತ್ತಿದ್ದ. ಅಮ್ಮ ಕೊನೆಯ ಕೂಗು ಕೂಗಿ ನಿಲ್ಲಿಸಿದಳು. ನಾಟಕ ಅಲ್ಲಿಗೆ ಮುಗಿಯುತ್ತದೆ. ಶ್ರೀವತ್ಸ ಕಟ್ ಹೇಳಲು ಕೈಯೆತ್ತಿದ.

ಅಮ್ಮ ಮೈಕು ಬಿಡಲಿಲ್ಲ. ಒಂದು ಉಸಿರು ಎಳೆದುಕೊಂಡಳು. ಅದು ನಿಜವಾದ ಉಬ್ಬಸದ ಉಸಿರು, ನೀರಿನಿಂದ ತಲೆ ಎತ್ತಿದವರು ಎಳೆದುಕೊಳ್ಳುವ ಹಾಗೇ ಇತ್ತು. ಆಮೇಲೆ ಕೆಮ್ಮಿದಳು. "ಸಿಕ್ತು" ಎಂದಳು. "ಬೇರು ಕೈಗೆ ಸಿಕ್ತು. ಹತ್ತಿದೆ. ಏರಿ ಮೇಲೆ ಆಲದ ಮರದ ಹತ್ರ ಇದೀನಿ. ಬದುಕಿದೀನಿ. ಮೈಯೆಲ್ಲಾ ಒದ್ದೆ ಆಗಿದೆ, ಚಳಿ ತಡ್ಯೋಕಾಗ್ತಿಲ್ಲ. ಒಂದು ಒಣಗಿದ ಸೀರೆ ಇದ್ರೆ ಯಾರಾದ್ರೂ ತಂದ್ಕೊಡ್ರಮ್ಮಾ. ನಾನು ನೀಲಾಂಬಿಕೆ ಕಣ್ರಮ್ಮಾ."

"ಇದು ಸ್ಕ್ರಿಪ್ಟಲ್ಲಿಲ್ಲ!" ಎಂದು ಶ್ರೀವತ್ಸ ಪಿಸುಗುಟ್ಟಿದ. ರುದ್ರಮುನಿ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿ ಮೈಕಿಗೆ ಬಾಯಿಟ್ಟ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಇಂಜಿನಿಯರ್ ಹೇಳ್ತಾ ಇದೀನಿ, ಕೇಳ್ರಪ್ಪಾ. ಹೆಂಗಸು ಬದುಕಿರೋದು ನಿಜ. ನಾನೇ ಕಣ್ಣಾರೆ ನೋಡ್ತಿದೀನಿ. ಬೇಗ ಹೋಗ್ರಿ."

ನಾನು ಬಾಗಿಲಿಗೆ ಓಡಿದೆ. ಜಗಲಿಗಳ ಮೇಲೆ ಜನ ಇನ್ನೂ ಕೈಕಟ್ಟಿಯೇ ಕೂತಿದ್ದರು. ಮೊದಲು ಎದ್ದವಳು ಪುಟ್ಟತಾಯಮ್ಮ. ಒಳಗೆ ನುಗ್ಗಿ, ತೋಳಿನ ತುಂಬ ಸೀರೆ ಹಿಡಿದುಕೊಂಡು, ಸೆರಗು ಜಾರಿದ್ದನ್ನೂ ನೋಡದೆ ಕೆರೆಯ ಕಡೆ ಓಡಿದಳು. ಆಮೇಲೆ ಬೀದಿಗೆ ಬೀದಿಯೇ ಎದ್ದಿತು. ಕಂಬಳಿ ತಂದವರು, ಟವೆಲು ತಂದವರು, ಕೆಂಡದ ಬಾಣಲೆ ಹಿಡಿದವರು, ಬಿಸಿ ಸಾರಿನ ಪಾತ್ರೆಗೆ ಸೆರಗು ಸುತ್ತಿ ಹಿಡಿದವರು. ದೊರೆ, "ಕೂತ್ಕೊಳ್ರೋ! ಅಪ್ಪಣೆ ಆಗಿದೆ!" ಎಂದು ಕೂಗಿ ಕೂಗಿ ಕೊನೆಗೆ ತಮ್ಮ ಶಾಲನ್ನೇ ಹೆಗಲಿಂದ ತೆಗೆದುಕೊಂಡು ಹಿಂದೆಯೇ ಓಡಿದರು. ಕೆರೆಯ ಏರಿಯಲ್ಲಿ ಅವಳಿಗೆ ಫೋನು ಎಲ್ಲಿಂದ ಸಿಕ್ಕಿತೆಂದು ಒಬ್ಬರೂ ಕೇಳಲಿಲ್ಲ. ಗುಡ್ಡದ ದಾರಿಯಲ್ಲಿ ಕ್ಯಾಮೆರಾದವರು ಒಂದು ನರಪಿಳ್ಳೆಯೂ ಬಾರದ ದಾರಿಯನ್ನು ಚಿತ್ರೀಕರಿಸುತ್ತಿದ್ದರು.

"ನಡಿ, ಮಂದಾ" ಎಂದಳು ಅಮ್ಮ. "ಅವರೆಲ್ಲಾ ಅಲ್ಲಿ ಹುಡುಕ್ತಿರ್ತಾರೆ." ಕೇಂದ್ರದ ಹಿತ್ತಲಿನಿಂದ ಕೆರೆಗೆ ಕಾಲುದಾರಿಯಿದೆ. ಅವಳನ್ನು ಅರ್ಧ ನಡೆಸಿ, ಅರ್ಧ ಎತ್ತಿಕೊಂಡು ಹೋದೆ. ಆಲದ ಮರದ ಹತ್ತಿರ ಬಂದಾಗ ಏರಿಯ ಆಚೆ ತುದಿಯಲ್ಲಿ ಜನ ಕಾಣುತ್ತಿದ್ದರು. ಅಮ್ಮ ನನ್ನ ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು ನೀರಿಗೆ ನಡೆದಳು.

"ಏನ್ ಮಾಡ್ತಿದೀಯಮ್ಮಾ?"

"ಅಷ್ಟು ಜನ ಸೀರೆ ತರ್ತಿದಾರೆ. ಒಣಗಿದ ಮೈ ಹೊತ್ಕೊಂಡು ಎದುರಿಗೆ ನಿಂತ್ಕೊಳ್ಲಾ?"

ಕತ್ತಿನವರೆಗೂ ಇಳಿದಳು. ಮೂಗು ಹಿಡಿದುಕೊಂಡು ಒಂದು ಮುಳುಗು ಹಾಕಿದಳು. ನಾನು ಎರಡು ಮೆಟ್ಟಿಲು ಇಳಿದೆ. ತಲೆ ಮೇಲೆ ಬಂತು. ಆಲದ ಬೇರು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಏರಿಯ ಮೇಲೆ ಬಂದು ಕೂತಳು. ಬೆಳ್ಳನೆಯ ಕೂದಲಿನಿಂದ ನೀರು ಸುರಿಯುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು.

ಜನ ಬಂದು ಸುತ್ತ ನಿಂತರು. ಇಷ್ಟು ವರ್ಷ ಅವಳನ್ನು ದಾಟಿ ಆಚೆ ನೋಡಿ ಅಭ್ಯಾಸವಾದ ಕಣ್ಣುಗಳು ಅವಳ ಮೇಲೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡಕಾಡುತ್ತಿದ್ದವು. ಗುಂಪನ್ನು ಸೀಳಿಕೊಂಡು ಪುಟ್ಟತಾಯಮ್ಮ ಬಂದಳು. ಸೀರೆಗಳನ್ನೆಲ್ಲ ನೆಲಕ್ಕೆ ಸುರಿದು, ಅದರಲ್ಲೊಂದನ್ನು ಅಮ್ಮನ ತಲೆಯ ಮೇಲೆ ಹಾಕಿ, ಎರಡೂ ಕೈಯಿಂದ ಗಸಗಸ ಒರೆಸತೊಡಗಿದಳು. ಒರೆಸುತ್ತಲೇ ಬೈದಳು.

"ಇಷ್ಟೊತ್ತು ನೀರಲ್ಲಿ ಇದ್ರೆ ನೆಗಡಿ ಆಗಲ್ವೇನೇ ನೀಲಾ?"

ಅಮ್ಮ ಸೀರೆಯೊಳಗಿಂದ ಮುಖ ಹೊರಗೆ ತಂದು, ಅವಳನ್ನೇ ನೋಡುತ್ತ, ಏನೋ ಹೇಳಲು ಹೋಗಿ, ದೊಡ್ಡದಾಗಿ ಸೀನಿದಳು.

"ನೂರ್ಕಾಲ ಬಾಳೇ" ಎಂದಳು ಪುಟ್ಟತಾಯಮ್ಮ.